ಬಾಟ್ಲಿ, ಜೋಲಿ, ಡೈಪರ್ ಬಿಡಿಸಲು ಯಾವ ಚಿತ್ರಪುಸ್ತಕ?

"ಬಾಟ್ಲಿ ಎಲ್ಲಿ?"
"ಕಾಗೆ ಎತ್ಕೊಂಡು ಹೋಯ್ತು."

ನಮ್ಮ ಕಡೆ ಮಗುವಿನ ಕೈಯಿಂದ ಏನು ಬಿಡಿಸಬೇಕಾದರೂ ಮೊದಲು ಬರುವುದು ಈ ಕಾಗೆ. ಎದೆಹಾಲು ಬಿಡಿಸಬೇಕಾದರೆ ಬೇವಿನ ಸೊಪ್ಪಿನ ರಸ. ಎರಡಕ್ಕೂ ಬಗ್ಗದಿದ್ದರೆ ಗುಮ್ಮ. ಇವು ಕೆಲಸ ಮಾಡುವುದಿಲ್ಲ ಎಂದಲ್ಲ, ಮಾಡುತ್ತವೆ. ಆದರೆ ಬೀರುವಿನ ಮೇಲೆ ಬಚ್ಚಿಟ್ಟ ಬಾಟ್ಲಿ ಒಂದಲ್ಲ ಒಂದು ದಿನ ಮಗುವಿನ ಕಣ್ಣಿಗೆ ಬೀಳುತ್ತದೆ. ಅವತ್ತಿನಿಂದ ದೊಡ್ಡವರ ಮಾತು ನಡೆಯುವುದಿಲ್ಲ.

ಚಿತ್ರಪುಸ್ತಕ ಇನ್ನೊಂದು ದಾರಿ. ಅದರಲ್ಲಿ ಮಂತ್ರ ಏನೂ ಇಲ್ಲ. ಮುಂದೆ ಏನಾಗಲಿದೆ ಅನ್ನುವುದನ್ನು ಮಗುವಿಗೆ ಇವತ್ತೇ ತೋರಿಸುತ್ತದೆ, ಅಷ್ಟೇ. ಎರಡು ವರ್ಷದ ಮಗುವಿಗೆ "ಮುಂದಿನ ವಾರದಿಂದ ಲೋಟದಲ್ಲಿ ಕುಡೀಬೇಕು" ಎಂದರೆ ತಲೆಗೆ ಹೋಗುವುದಿಲ್ಲ. ಲೋಟ ಹಿಡಿದುಕೊಂಡ ಮಗುವಿನ ಚಿತ್ರ ತೋರಿಸಿ, ಹೋಗುತ್ತದೆ.

ಹಾಗಾದರೆ ಯಾವ ಪುಸ್ತಕ? ತುಮಕೂರಿನಲ್ಲೋ ಚಿಂತಾಮಣಿಯಲ್ಲೋ ಕುಳಿತ ಅಪ್ಪ-ಅಮ್ಮನಿಗೆ ಈಗ ಆಯ್ಕೆ ಕಮ್ಮಿ ಇಲ್ಲ. ಆನ್‌ಲೈನಲ್ಲಿ ಬರುವ ಇಂಗ್ಲಿಷ್ ಬೋರ್ಡ್ ಬುಕ್ ಇದೆ. ಕನ್ನಡದ ಅಚ್ಚಾದ ಪುಸ್ತಕ ಇದೆ. ಇಂಟರ್ನೆಟ್‌ನಿಂದ ಇಳಿಸಿ ಪ್ರಿಂಟ್ ಹಾಕಿಸುವುದು ಇದೆ. ಮಾತೇ ಇಲ್ಲದ ಚಿತ್ರಪುಸ್ತಕ ಇದೆ. ಮನೆಯ ಫೋಟೋಗಳಿಂದ ನಾವೇ ಮಾಡಿಕೊಳ್ಳುವ ಪುಸ್ತಕ ಇದೆ. ಇನ್ನು ಎಲ್ಲರ ಕೈಯಲ್ಲೂ ಫೋನ್ ಇದ್ದೇ ಇದೆ.

ನಾನು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ಮಗುವಿಗೆ ಎರಡೂವರೆ ದಾಟಿಲ್ಲ ಅಂದರೆ ಬಾಟ್ಲಿಗೂ ಜೋಲಿಗೂ ಮನೆಯಲ್ಲೇ ಮಾಡಿದ ಫೋಟೋ ಪುಸ್ತಕವೇ ಮೇಲು. ಡೈಪರ್ ಬಿಡಿಸಲು ಅಚ್ಚಾದ ಪುಸ್ತಕ, ಅದೂ ನಗು ಬರುವಂಥದ್ದು, ಚೆನ್ನಾಗಿ ಒದಗುತ್ತದೆ. ಹೊದಿಕೆ, ಗೊಂಬೆ ಬಿಡಿಸಲು ಯಾವ ಪುಸ್ತಕವೂ ಬೇಡ. ಯಾಕೆಂದರೆ ಅವನ್ನು ಬಿಡಿಸುವ ಅಗತ್ಯವೇ ಇಲ್ಲ.

ಇಂಗ್ಲಿಷ್ ಬೋರ್ಡ್ ಬುಕ್

ನೋಡಲು ತುಂಬ ಚೆಂದ. ರಟ್ಟು ದಪ್ಪ, ಮೂಲೆ ದುಂಡಗೆ, ಕಚ್ಚಿದರೂ ಹರಿಯುವುದಿಲ್ಲ. ಬಾಟ್ಲಿ ಬಿಡುವುದು, ಬರೀ ಚೀಪುವ ನಿಪ್ಪಲ್ ಬಿಡುವುದು, ಪಾಟಿಯಲ್ಲಿ (ಮಕ್ಕಳು ಕಕ್ಕಸಿಗೆ ಕೂರುವ ಪುಟ್ಟ ಪೀಠ) ಕೂರುವುದು, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಪುಸ್ತಕ. ತೊಂದರೆ ಇರುವುದು ಚಿತ್ರದಲ್ಲಿ. ಅಲ್ಲಿನ ಮಗು ಕಟಕಟೆ ಇರುವ ಮಂಚದಲ್ಲಿ, ಬೇರೆ ಕೋಣೆಯಲ್ಲಿ, ಒಂಟಿಯಾಗಿ ಮಲಗುತ್ತದೆ. ನಮ್ಮ ಮಗು ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗುತ್ತದೆ, ಪಕ್ಕದಲ್ಲಿ ಅಜ್ಜಿ ಟಿವಿ ನೋಡುತ್ತಿರುತ್ತಾರೆ. ಅಲ್ಲಿನ ಮಗು ಬಣ್ಣದ ಪ್ಲಾಸ್ಟಿಕ್ ಪಾಟಿಯ ಮೇಲೆ ಪುಸ್ತಕ ಹಿಡಿದು ಕೂರುತ್ತದೆ. ನಮ್ಮಲ್ಲಿ ಅಮ್ಮ ಎರಡು ಪಾದ ಜೋಡಿಸಿ, ಮಗುವನ್ನು ಅದರ ಮೇಲೆ ಕೂರಿಸಿಕೊಂಡು "ಉಸ್ಸ್" ಅನ್ನುತ್ತಾಳೆ. ಪಾವಗಡದ ಕಡೆ ಹಳ್ಳಿಗಳಲ್ಲಿ ಎಷ್ಟೋ ಮಕ್ಕಳು ಡೈಪರನ್ನು ಕಂಡಿರುವುದೇ ಡಾಕ್ಟರ ಹತ್ತಿರ ಹೋದ ದಿನ, ಬಸ್ಸು ಹತ್ತಿದ ದಿನ. ಆ ಮಗುವಿಗೆ ಡೈಪರಿಗೆ ಟಾಟಾ ಹೇಳುವ ಪುಸ್ತಕ ಕೊಟ್ಟು ಏನು ಮಾಡುವುದು?

ಇದು ಬರೀ ನಮ್ಮ ಊರು ಅನ್ನುವ ಅಭಿಮಾನದ ಮಾತಲ್ಲ. 2006ರಲ್ಲಿ ಗೇಬ್ರಿಯೆಲ್ ಸಿಮ್ಕಾಕ್ ಮತ್ತು ಜೂಡಿ ಡಿಲೋಶ್ ಎಂಬ ಸಂಶೋಧಕರು ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳಿಗೆ ಗಿಲಕಿ ಮಾಡುವುದು ಹೇಗೆ ಅನ್ನುವ ಪುಟ್ಟ ಪುಸ್ತಕ ಓದಿ ತೋರಿಸಿದರು. ಕೆಲವರಿಗೆ ಫೋಟೋ, ಕೆಲವರಿಗೆ ಬಣ್ಣದ ಚಿತ್ರ, ಕೆಲವರಿಗೆ ಬರೀ ಗೆರೆಚಿತ್ರ. ಆಮೇಲೆ ಸಾಮಾನು ಮುಂದಿಟ್ಟು ಮಾಡಲು ಹೇಳಿದರು. ಚಿತ್ರ ನಿಜದ ವಸ್ತುವಿಗೆ ಹತ್ತಿರ ಇದ್ದಷ್ಟೂ ಮಕ್ಕಳು ಚೆನ್ನಾಗಿ ಮಾಡಿದರು. ವಯಸ್ಸು ಚಿಕ್ಕದಾದಷ್ಟೂ ಫೋಟೋದ ನೆರವು ಜಾಸ್ತಿ ಬೇಕಾಯಿತು. ಪುಸ್ತಕದಲ್ಲಿ ಕಂಡದ್ದನ್ನು ಮನೆಯ ವಸ್ತುವಿಗೆ ಜೋಡಿಸುವುದು ಈ ವಯಸ್ಸಿಗೆ ಸಣ್ಣ ಕೆಲಸವಲ್ಲ. ಅದರ ಮೇಲೆ ಬೇರೆ ದೇಶದ ಮನೆಯನ್ನೂ ದಾಟಿಕೊಂಡು ಬಾ ಅಂದರೆ ಅದಕ್ಕೆ ಕಷ್ಟ.

ಕಿಟಕಿ ತೆರೆಯುವ, ಬಾಲ ಎಳೆಯುವ ಪುಸ್ತಕಗಳು ಇನ್ನೂ ದುಬಾರಿ. ಆಟಕ್ಕಾದರೆ ಸರಿ. ಆದರೆ 2010ರಲ್ಲಿ ಇದೇ ಡಿಲೋಶ್ ಮತ್ತು ಜೊತೆಗಾರರು ನೋಡಿದ್ದೇನೆಂದರೆ, ಎಳೆಯುವ-ತೆರೆಯುವ ಭಾಗಗಳಿರುವ ಪುಸ್ತಕದಿಂದ ಮಕ್ಕಳು ಕಲಿತದ್ದು ಕಮ್ಮಿ. ಗಮನವೆಲ್ಲ ಬಾಲದ ಮೇಲೆ. ಬಾಟ್ಲಿ ಬಿಡಿಸಲು ಅಂತ ಕೊಂಡರೆ ಆ ದುಡ್ಡು ದಂಡ.

ಹಾಗಂತ ಬೋರ್ಡ್ ಬುಕ್ಕೇ ಬೇಡ ಅನ್ನುವುದಿಲ್ಲ. ಒಂದೂವರೆ ವರ್ಷದ ಕೈಗೆ ಬೇರೆ ಪುಸ್ತಕ ಬಾಳುವುದಿಲ್ಲ. ಇದ್ದರೆ ಇಂಗ್ಲಿಷ್ ಸಾಲು ಬಿಟ್ಟು ನಿಮ್ಮ ಮಾತಲ್ಲಿ ಹೇಳಿಕೊಳ್ಳಿ.

ಕನ್ನಡದಲ್ಲಿ ಅಚ್ಚಾದವು, ಇಳಿಸಿಕೊಳ್ಳುವವು

ಜಿಲ್ಲಾ ಕೇಂದ್ರದ ಅಂಗಡಿಗೆ ಹೋಗಿ "ಎರಡು ವರ್ಷದ ಮಗುವಿಗೆ ಪುಸ್ತಕ ಕೊಡಿ" ಎಂದರೆ ಹಣ್ಣು, ತರಕಾರಿ, ವಾಹನದ ಪುಸ್ತಕ ತೆಗೆದುಕೊಡುತ್ತಾರೆ. ಇಲ್ಲವೇ ಅ ಆ ಇ ಈ. ಕಥೆ ಕೇಳಿದರೆ ನೀತಿಕಥೆ. ಅವು ಆರೇಳು ವರ್ಷದವರಿಗೆ ಬರೆದವು. ಮಗುವಿನ ದಿನಚರಿಯ ಸುತ್ತ ಬರೆದ ಕನ್ನಡ ಚಿತ್ರಪುಸ್ತಕ ಬೇಕಾದರೆ ಪ್ರಕಾಶಕರ ಹೆಸರು ಹಿಡಿದೇ ಕೇಳಬೇಕು. 1957ರಿಂದ ಇರುವ ನ್ಯಾಷನಲ್ ಬುಕ್ ಟ್ರಸ್ಟ್ ಕಡಿಮೆ ಬೆಲೆಗೆ ಕೊಡುತ್ತದೆ. ಚೆನ್ನೈನ ತೂಲಿಕಾ ಇಂಗ್ಲಿಷ್-ಕನ್ನಡ ಎರಡೂ ಇರುವ ಪುಸ್ತಕ ತರುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಿಂದ ಈ ಕೆಲಸದಲ್ಲಿದೆ. ನವಕರ್ನಾಟಕದಲ್ಲೂ ಮಕ್ಕಳ ಪುಸ್ತಕದ ಸಾಲು ದೊಡ್ಡದು, ಆದರೆ ಅಲ್ಲಿ ಓದಲು ಬರುವ ಮಕ್ಕಳಿಗೇ ಜಾಸ್ತಿ.

ಇವುಗಳ ಗುಣ ಏನೆಂದರೆ ಚಿತ್ರದಲ್ಲಿ ನಮ್ಮ ಜನ ಇರುತ್ತಾರೆ. ಜಡೆ ಹಾಕಿದ ಅಜ್ಜಿ, ಲುಂಗಿ ಉಟ್ಟ ತಾತ, ಸ್ಟೀಲ್ ಲೋಟ, ಬಕೆಟ್ಟು. ಕೊರತೆ ಎರಡು. ಒಂದು, ಕಾಗದ ತೆಳು. ಎರಡು ವರ್ಷದ ಕೈಗೆ ಒಂದು ಮಧ್ಯಾಹ್ನ ಸಾಕು. ಎರಡು, ‘ಬಾಟ್ಲಿ ಬಿಡುವುದು’, ‘ಜೋಲಿ ಬಿಡುವುದು’ ಎಂದು ನೇರವಾಗಿ ಅದನ್ನೇ ಹಿಡಿದ ಪುಸ್ತಕ ಸಿಗುವುದು ಅಪರೂಪ. ಹಲ್ಲುಜ್ಜುವುದು, ಸ್ನಾನ, ಊಟ, ಮಲಗುವುದು, ತಮ್ಮನೋ ತಂಗಿಯೋ ಬಂದದ್ದು, ಈ ಸುತ್ತಿನವು ಸಿಗುತ್ತವೆ. ಅವನ್ನೇ ನಮ್ಮ ಕೆಲಸಕ್ಕೆ ಬಗ್ಗಿಸಿಕೊಳ್ಳಬೇಕು.

ಪ್ರಥಮ್ ಬುಕ್ಸ್‌ನವರೇ 2015ರಲ್ಲಿ ಶುರು ಮಾಡಿದ ‘ಸ್ಟೋರಿವೀವರ್’ ಎಂಬ ತಾಣ ಇಲ್ಲಿ ನೆರವಿಗೆ ಬರುತ್ತದೆ. ಕನ್ನಡದ ಕಥೆಗಳನ್ನು ಪುಕ್ಕಟೆ ಇಳಿಸಿಕೊಳ್ಳಬಹುದು, ಪ್ರಿಂಟ್ ಹಾಕಿಸಬಹುದು. ಬರೆದವರು, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡರೆ ಮಾತುಗಳನ್ನು ಬದಲಾಯಿಸಲೂಬಹುದು. ಹರಿದರೆ ಇನ್ನೊಂದು ಪ್ರಿಂಟು. ಆದರೆ ಒಂದು ಎಚ್ಚರ. ಅಲ್ಲಿ ‘1ನೇ ಹಂತ’ ಎಂದಿರುವುದು ಓದಲು ಕಲಿಯುತ್ತಿರುವ ಮಕ್ಕಳಿಗೆ ಸುಲಭ ಎನ್ನುವ ಅರ್ಥದಲ್ಲಿ, ಎರಡು ವರ್ಷದ ಕೂಸಿಗೆ ಎಂದಲ್ಲ. ಒಂದು ಪುಟಕ್ಕೆ ಒಂದು ಸಾಲು ಮೀರದಂತೆ ನೀವೇ ಕತ್ತರಿಸಿಕೊಳ್ಳಿ. ಇನ್ನೊಂದು, ಕಲರ್ ಪ್ರಿಂಟು ಕಪ್ಪು-ಬಿಳುಪಿಗಿಂತ ಸಾಕಷ್ಟು ದುಬಾರಿ. ಇಡೀ ಕಥೆ ಹಾಕಿಸುವ ಮೊದಲು ಒಂದು ಹಾಳೆ ಹಾಕಿಸಿ ನೋಡಿ. ಮುಖದ ಬಣ್ಣ ಹಸಿರಾಗಿ ಬಂದಿದ್ದರೆ ಬೇರೆ ಅಂಗಡಿ ಹುಡುಕಿ.

ಹಳ್ಳಿಯವರು ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನೂ ಒಮ್ಮೆ ನೋಡಬಹುದು. ಅಲ್ಲಿ ಚಿತ್ರಪುಸ್ತಕ ಇರುವುದು ಶಾಲೆ ಮಕ್ಕಳಿಗೆ. ಆದರೂ ಅಕ್ಕನ ಜೊತೆ ಹೋದ ತಮ್ಮನಿಗೆ ಕೂತು ನೋಡಬೇಡ ಅಂತ ಯಾರೂ ಹೇಳುವುದಿಲ್ಲ.

ಪ್ರಾಣಿಗಳ ಕಥೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಕರಡಿ ಮರಿ ಬಾಟ್ಲಿ ಬಿಟ್ಟಿತು, ಮೊಲದ ಮರಿ ಚಡ್ಡಿ ಹಾಕಿತು, ಇಂಥವು. ಟೊರೊಂಟೊದ ಸಂಶೋಧಕರು 4ರಿಂದ 6 ವರ್ಷದ ಮಕ್ಕಳಿಗೆ ಹಂಚಿಕೊಳ್ಳುವುದರ ಬಗ್ಗೆ ಕಥೆ ಓದಿದ್ದರು. ಮನುಷ್ಯರ ಪಾತ್ರ ಇದ್ದ ಕಥೆ ಕೇಳಿದ ಮಕ್ಕಳು ಆಮೇಲೆ ಹೆಚ್ಚು ಹಂಚಿಕೊಂಡರು. ಅದೇ ಕಥೆಯನ್ನು ಬಟ್ಟೆ ತೊಟ್ಟ ಪ್ರಾಣಿಗಳಲ್ಲಿ ಕೇಳಿದವರಲ್ಲಿ ಹಾಗಾಗಲಿಲ್ಲ. ಅದು ಇನ್ನೂ ದೊಡ್ಡ ಮಕ್ಕಳ ಮಾತು. ಎರಡು ವರ್ಷದವರಿಗೆ ಪ್ರಾಣಿ ಸುಲಭವಾದೀತು ಎಂದು ನನಗಂತೂ ಅನ್ನಿಸುವುದಿಲ್ಲ. ಕರಡಿ ಬಾಟ್ಲಿ ಬಿಟ್ಟರೆ ಕರಡಿ ಬಿಟ್ಟಿತು. ನನಗೇನು?

ಮಾತಿಲ್ಲದ ಪುಸ್ತಕ

ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ಪಾವಗಡದ ಕಡೆ ಅರ್ಧ ಮನೆಗಳಲ್ಲಿ ಅಜ್ಜಿ ತೆಲುಗು, ಅಮ್ಮ ಕನ್ನಡ-ತೆಲುಗು ಕಲಸಿ, ಅಂಗನವಾಡಿ ಟೀಚರ್ ಕನ್ನಡ. ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರೆ ಜಿಲ್ಲೆಯಾಯಿತು, ಈ ಕಲಬೆರಕೆ ಮಾತು ಮಾತ್ರ ಎರಡೂ ಕಡೆ ಹಾಗೇ ಉಳಿಯಿತು. ಶಿರಾದಲ್ಲಿ, ಕೋಲಾರದಲ್ಲಿ ಉರ್ದು ಆಡುವ ಮನೆಗಳೂ ಬೇಕಾದಷ್ಟು. ಬಾಟ್ಲಿ ಬಿಡಿಸುವ ಮಾತು ಮಗು ಅಳುವಾಗ ಸಮಾಧಾನ ಮಾಡುವ ಭಾಷೆಯಲ್ಲೇ ಆಗಬೇಕು. ಪುಸ್ತಕದ ಕನ್ನಡ ಮಗುವಿಗೆ ದೂರ ಅನ್ನಿಸಿದರೆ ಅದನ್ನು ಓದಿ ಏನೂ ಪ್ರಯೋಜನ ಇಲ್ಲ.

ಇಂಥ ಮನೆಗೆ ಬರೀ ಚಿತ್ರ ಇರುವ ಪುಸ್ತಕ ಸರಿ. ಅಕ್ಷರ ಬಾರದ ಅಜ್ಜಿಯೂ ಓದಬಹುದು. ಓದಲು ಬರುವ ಅಪ್ಪನಿಗಿಂತ ಚೆನ್ನಾಗಿ ಓದುತ್ತಾರೆ ಕೂಡ. ಅಪ್ಪ ಸಾಲು ಮುಗಿಸಿ ಪುಟ ತಿರುಗಿಸುತ್ತಾನೆ. ಅಜ್ಜಿ ಒಂದು ಪುಟದ ಮೇಲೆ ಹತ್ತು ನಿಮಿಷ ಕೂರುತ್ತಾರೆ: ಈ ಮಗು ಯಾರ ಮಗ, ಇವನ ಅಮ್ಮ ಎಲ್ಲಿ ಹೋದಳು, ಲೋಟದಲ್ಲಿ ಹಾಲಿದೆಯಾ ಮಜ್ಜಿಗೆಯಾ. 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು ಅಪ್ಪ-ಅಮ್ಮಂದಿರಿಗೆ ಹೀಗೇ ಪ್ರಶ್ನೆ ಕೇಳುತ್ತಾ ಓದಲು ಕಲಿಸಿದರು. ಆ ಮಕ್ಕಳ ಮಾತು ಬೇಗ ಬೆಳೆಯಿತು. ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಎರಡು ಭಾಷೆಯೂ ಬೇಕು ಎನ್ನುವವರಿಗೆ ಸ್ಟೋರಿವೀವರ್‌ನಲ್ಲಿ ಒಂದೇ ಕಥೆ ಕನ್ನಡದಲ್ಲೂ ತೆಲುಗಲ್ಲೂ ಸಿಗುವುದುಂಟು. ಎರಡನ್ನೂ ಪ್ರಿಂಟ್ ಹಾಕಿಸಿ. ಅಜ್ಜಿಗೆ ಒಂದು, ಅಮ್ಮನಿಗೆ ಒಂದು.

ಮನೆಯಲ್ಲೇ ಮಾಡುವುದು

ಇದಕ್ಕೆ ಬೇಕಾದದ್ದು ಫೋನಿನ ಕ್ಯಾಮೆರಾ, ಒಂದು ಸ್ಟುಡಿಯೋ, ಒಂದು ಜೆರಾಕ್ಸ್ ಅಂಗಡಿ. ತಾಲ್ಲೂಕು ಕೇಂದ್ರದಲ್ಲಿ ಎರಡೂ ಇರುತ್ತವೆ, ಬಹುತೇಕ ಅಕ್ಕಪಕ್ಕದಲ್ಲೇ.

ಎಂಟರಿಂದ ಹತ್ತು ಫೋಟೋ ಸಾಕು. ಮಗುವನ್ನು ನಿಲ್ಲಿಸಿ ಪೋಸು ಕೊಡಿಸಬೇಡಿ. ಅದರ ಬಾಟ್ಲಿ, ಅದರ ಲೋಟ, ಅದು ಕೂರುವ ಮೂಲೆ, ಅದರ ಚಾಪೆ, ಇವನ್ನು ತೆಗೆಯಿರಿ. ಪುಟದಲ್ಲಿ ಒಂದೇ ವಸ್ತು ಇರಲಿ. ಹಿಂದೆ ಟಿವಿ, ಮೋಟರ್ ಬೈಕು, ಒಣಗಿಸಿದ ಬಟ್ಟೆ ಇದ್ದರೆ ಮಗು ಬೈಕನ್ನೇ ನೋಡುತ್ತದೆ, ಗ್ಯಾರಂಟಿ. ನಾಲ್ಕಿಂಚು-ಆರಿಂಚಿನ ಪ್ರಿಂಟು ಹಾಕಿಸಿ. ಸಾಲುಗಳನ್ನು ಬಿಳಿ ಹಾಳೆಯಲ್ಲಿ ದಪ್ಪಗೆ ಬರೆದು, ಫೋಟೋ ಕೆಳಗೆ ಅಂಟಿಸಿ, ಲ್ಯಾಮಿನೇಶನ್ ಮಾಡಿಸಿ, ಸ್ಪೈರಲ್ ಹಾಕಿಸಿ. ಲ್ಯಾಮಿನೇಶನ್ ಮೂಲೆ ಚೂಪಾಗಿರುತ್ತದೆ, ಕಣ್ಣಿಗೆ ಚುಚ್ಚುತ್ತದೆ. ಅಂಗಡಿಯಲ್ಲೇ ಕತ್ತರಿ ಕೇಳಿ ನಾಲ್ಕೂ ಮೂಲೆ ದುಂಡಗೆ ಕತ್ತರಿಸಿಕೊಂಡು ಬನ್ನಿ. ಸ್ಪೈರಲ್ ತಂತಿಯ ತುದಿ ಒಳಗೆ ಮಡಚಿದೆಯಾ ನೋಡಿ.

ಜೋಲಿ ಬಿಡಿಸಲು ಒಂದು ಮಾದರಿ ಕೊಡುತ್ತೇನೆ. ಹೆಸರಿನ ಜಾಗದಲ್ಲಿ ನಿಮ್ಮ ಮಗುವನ್ನು ಮನೆಯಲ್ಲಿ ಏನೆಂದು ಕರೆಯುತ್ತೀರೋ ಅದು.

ಇದು ಜೋಲಿ. ಅಮ್ಮನ ಹಳೇ ಸೀರೆ.
ಚಿನ್ನು ಪಾಪು ಆಗಿದ್ದಾಗ ಇದರಲ್ಲೇ ತಾಚಿ.
ಈಗ ನೋಡು, ಕಾಲು ಆಚೆ ಬಂತು!
ತೊಲೆ ಕಿರ್ ಕಿರ್ ಅಂತಿದೆ.
ಇದು ಚಾಪೆ. ಇದು ಚಿನ್ನು ದಿಂಬು.
ಇಲ್ಲಿ ಅಮ್ಮ, ಇಲ್ಲಿ ಚಿನ್ನು, ಅಲ್ಲಿ ಅಜ್ಜಿ.
ಸೀರೆ ಎಲ್ಲಿ ಹೋಯ್ತು?
ಇಲ್ಲೇ ಇದೆ. ಹೊದಿಕೆ ಆಯ್ತು.

ಮೂರನೇ ಪುಟಕ್ಕೆ ಮಗು ಜೋಲಿಯಲ್ಲಿ ಮಲಗಿದಾಗ ಪಾದ ಹೊರಗೆ ನೇತಾಡುವ ಫೋಟೋ ಬೇಕೇ ಬೇಕು. ಮಕ್ಕಳು ನಗುವುದು ಅಲ್ಲೇ. ನಕ್ಕಮೇಲೆ ಜೋಲಿ ಸಣ್ಣದಾಯ್ತು ಅನ್ನುವ ವಿಷಯ ನೀವು ಹೇಳಬೇಕಾಗಿಲ್ಲ, ಅದೇ ಹೇಳುತ್ತದೆ. ಕೊನೇ ಪುಟದ ಫೋಟೋ ತೆಗೆಯುವ ಮೊದಲು ಸೀರೆಯನ್ನು ನಿಜವಾಗಿಯೂ ಮಡಚಿ ಹೊದಿಕೆ ಮಾಡಿರಬೇಕು. ಪುಸ್ತಕದಲ್ಲಿ ಹೊದಿಕೆ ಆಗಿ, ಮನೆಯಲ್ಲಿ ಇನ್ನೂ ತೊಲೆಗೆ ನೇತಾಡುತ್ತಿದ್ದರೆ ಮತ್ತೆ ಕಾಗೆ ಕಥೆಯೇ ಆಯಿತು.

ಈ ಪುಸ್ತಕಕ್ಕೂ ಮಿತಿ ಇದೆ. ಮೂರು ವರ್ಷ ದಾಟಿದ ಮಗುವಿಗೆ ಇದು ಬೇಗ ಬೇಜಾರಾಗುತ್ತದೆ. ತನ್ನದೇ ಮನೆ, ತನ್ನದೇ ಲೋಟ, ಅದರಲ್ಲೇನು ಕಥೆ? ಆ ವಯಸ್ಸಿಗೆ ಬೇರೆ ಮಗುವಿನ ಕಥೆ ಬೇಕು, ಸ್ವಲ್ಪ ಸುಳ್ಳೂ ಬೇಕು. ಆಗ ಅಚ್ಚಾದ ಪುಸ್ತಕವೇ ಮುಂದೆ. ಇನ್ನು ಫೋಟೋ ಚೆನ್ನಾಗಿ ಬಂದಿದೆ ಅಂತ ಇಡೀ ಪುಸ್ತಕವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಬಚ್ಚಲಿನ ಪುಟಗಳನ್ನಂತೂ ಖಂಡಿತ ಬೇಡ.

ಫೋನಲ್ಲೇ ತೋರಿಸಿದರೆ ಆಗಲ್ವಾ?

ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದು ಎರಡು ವರ್ಷದ ಒಳಗೆ ಸ್ಕ್ರೀನೇ ಬೇಡ, ದೂರದ ನೆಂಟರ ವಿಡಿಯೋ ಕಾಲ್ ಬಿಟ್ಟು. ಎರಡರಿಂದ ಐದಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು. ಇದನ್ನು ಬದಿಗಿಟ್ಟರೂ, ವಿಡಿಯೋ ಮಗುವಿಗಾಗಿ ನಿಲ್ಲುವುದಿಲ್ಲ. ಪುಟ ಹಿಂದಕ್ಕೆ ತಿರುಗಿಸಿ ಅದೇ ಬಾಟ್ಲಿಯನ್ನು ಮತ್ತೆ ಮತ್ತೆ ನೋಡುವುದರಲ್ಲೇ ಅರ್ಧ ಕೆಲಸ ಇದೆ. ಬಾಟ್ಲಿ ಬಿಡಿಸಲು ಹೋಗಿ ಫೋನು ಹಿಡಿಸಿದರೆ ಅದನ್ನು ಬಿಡಿಸಲು ಯಾವ ಪುಸ್ತಕ ತರುತ್ತೀರಿ?

ಕೊನೇ ಪುಟ ಮೊದಲು ನೋಡಿ

ಯಾವ ಪುಸ್ತಕ ಕೊಳ್ಳುವುದಾದರೂ ಅಂಗಡಿಯಲ್ಲಿ ನಿಂತು ಕೊನೇ ಪುಟ ತೆಗೆದು ನೋಡಿ. ಬಿಟ್ಟ ವಸ್ತು ಕೊನೆಗೆ ಎಲ್ಲಿ ಹೋಗುತ್ತದೆ? ಪುಸ್ತಕಗಳ ನಡುವೆ ನಿಜವಾದ ವ್ಯತ್ಯಾಸ ಇರುವುದು ಅಲ್ಲೇ.

ಕಸದ ಡಬ್ಬಕ್ಕೆ ಎಸೆಯುವ ಕಥೆ ನನಗೆ ಇಷ್ಟವಿಲ್ಲ. ನಿನ್ನೆವರೆಗೆ ಜೀವಕ್ಕಿಂತ ಹೆಚ್ಚಾದದ್ದು ಇವತ್ತು ಕಸ ಆಯಿತು ಎಂದರೆ ಮಗು ಹೆದರುತ್ತದೆ. ರಾತ್ರಿ ಯಾರೋ ಬಂದು ತೆಗೆದುಕೊಂಡು ಹೋಗಿ ಬದಲಿಗೆ ಉಡುಗೊರೆ ಇಡುವ ಕಥೆ ಹೊರಗಿನ ಪುಸ್ತಕಗಳಲ್ಲಿ ಜಾಸ್ತಿ. ಕಾಗೆಗೆ ರೆಕ್ಕೆಯ ಬಣ್ಣ ಬದಲಾಯಿಸಿದ್ದಾರೆ, ಬೇರೇನಿಲ್ಲ. ಪಾಪುವಿಗೆ ಕೊಟ್ಟೆ ಎನ್ನುವ ಕಥೆ ಕೇಳಲು ಚೆಂದ. ಆದರೆ ಕಚ್ಚಿ ಹಳೆಯದಾದ ನಿಪ್ಪಲ್ಲನ್ನು ಇನ್ನೊಂದು ಕೂಸಿನ ಬಾಯಿಗೆ ಕೊಡುವುದು ಶುಚಿಯಲ್ಲ. ಬಟ್ಟೆ, ತೊಟ್ಟಿಲಾದರೆ ಸರಿ.

ಎತ್ತಿಡುವ ಕಥೆ ಒಳ್ಳೆಯದು. ಅದಕ್ಕಿಂತ ಒಳ್ಳೆಯದು ವಸ್ತು ಬೇರೇನೋ ಆಗುವ ಕಥೆ. ಸೀರೆ ಹೊದಿಕೆ ಆದ ಹಾಗೆ. ಬಾಟ್ಲಿಯ ನಿಪ್ಪಲ್ ತೆಗೆದು ಗಿಡಕ್ಕೆ ನೀರು ಹಾಕುವ ಡಬ್ಬಿ ಮಾಡಬಹುದು. ತುಳಸಿಗೆ ಮಾತ್ರ ಬೇಡ, ಎಂಜಲು ಬಾಟ್ಲಿ ಅಂತ ಅಜ್ಜಿ ಒಪ್ಪುವುದಿಲ್ಲ. ದಾಸವಾಳಕ್ಕೆ ಹಾಕಿ.

ಕೊನೇ ಪುಟದ ಜೊತೆಗೆ ಇನ್ನೊಂದು ನೋಡಬೇಕು. "ಥೂ, ಇಷ್ಟು ದೊಡ್ಡವನಾದೆ, ನಾಚಿಕೆ ಆಗಲ್ವಾ?" ಎನ್ನುವ ದನಿ ಪುಸ್ತಕದಲ್ಲಿ ಎಲ್ಲಾದರೂ ಇದೆಯಾ? ಇದ್ದರೆ ವಾಪಸ್ ಇಡಿ. ಆ ಮಾತು ಹೇಳಲು ನಮ್ಮ ಬೀದಿಯಲ್ಲಿ ಜನ ಬೇಕಾದಷ್ಟಿದ್ದಾರೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಯಾವುದಕ್ಕೆ ಯಾವುದು

ಬಾಟ್ಲಿಯನ್ನು 12ರಿಂದ 18 ತಿಂಗಳೊಳಗೆ ಬಿಡಿಸಿ ಎಂದು ಮಕ್ಕಳ ಡಾಕ್ಟರುಗಳು ಸಾಮಾನ್ಯವಾಗಿ ಹೇಳುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ ಹಾಲಿನ ಸೀಮೆ. "ಊಟ ಮಾಡಲ್ಲ, ಹಾಲಾದ್ರೂ ಕುಡೀಲಿ ಬಿಡು" ಎಂದು ಬಾಟ್ಲಿ ಮೇಲೆ ಬಾಟ್ಲಿ ಹೋಗುತ್ತದೆ. ಹೊಟ್ಟೆ ತುಂಬ ಹಾಲೇ ಆದರೆ ರಾಗಿ ಸರಿಗೂ ಅನ್ನ-ಸಾರಿಗೂ ಜಾಗ ಇರಲ್ಲ, ಮೈಯಲ್ಲಿ ಕಬ್ಬಿಣದ ಅಂಶ ಕಮ್ಮಿಯಾಗುತ್ತದೆ. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಹಾಲು ಧಾರಾಳ. ಬಾಯಲ್ಲಿ ಬಾಟ್ಲಿ ಇಟ್ಟುಕೊಂಡೇ ಮಲಗಿದರೆ ಮುಂದಿನ ಹಲ್ಲು ಹುಳುಕಾಗುತ್ತದೆ. ಇಷ್ಟು ಸಣ್ಣ ವಯಸ್ಸಿಗೆ ಮನೆಯ ಫೋಟೋ ಪುಸ್ತಕ ಬಿಟ್ಟರೆ ಬೇರೆ ದಾರಿ ನನಗೆ ಕಾಣುವುದಿಲ್ಲ. ಜೊತೆಗೆ ಮಗುವನ್ನೇ ಪಾತ್ರೆ ಅಂಗಡಿಗೆ ಕರೆದುಕೊಂಡು ಹೋಗಿ ಸಣ್ಣ ಸ್ಟೀಲ್ ಲೋಟ ಆರಿಸಲು ಬಿಡಿ. ಆ ಅಂಗಡಿಯದೂ ಒಂದು ಫೋಟೋ ಪುಸ್ತಕದಲ್ಲಿ ಇರಲಿ. ನಮ್ಮ ದೇಶದಲ್ಲಿ ಹಾಲುಣಿಸುವ ಬಾಟ್ಲಿಗೆ ಜಾಹೀರಾತು ಕೊಡುವುದನ್ನು 1992ರ ಕಾಯಿದೆ ನಿಷೇಧಿಸಿದೆ. ಆದರೆ ಎಷ್ಟೋ ಚಿತ್ರಪುಸ್ತಕಗಳಲ್ಲಿ ‘ಪಾಪು’ ಎಂದರೆ ಬಾಟ್ಲಿ ಹಿಡಿದ ಪಾಪುವೇ. ಬಿಡಿಸುವ ಹೊತ್ತಲ್ಲಿ ಅಂಥ ಪುಸ್ತಕಗಳನ್ನು ಸುಮ್ನೆ ಕಪಾಟಿನ ಮೇಲಿಡಿ.

ಎದೆಹಾಲಿಗೆ ಅವಸರ ಬೇಡ. ಎರಡು ವರ್ಷ ಮತ್ತು ಆಮೇಲೂ ಕೊಡಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಯಾವಾಗ ನಿಲ್ಲಿಸುವುದು ಎನ್ನುವುದು ತಾಯಿ-ಮಗುವಿಗೆ ಬಿಟ್ಟದ್ದು. ಬಿಡಿಸುವಾಗ ‘ಹಾಲು ಬಿಟ್ಟ’ ಕಥೆಗಿಂತ ರಾತ್ರಿಯ ಕಥೆ ಒಳ್ಳೆಯದು. ಊಟ, ಹಲ್ಲುಜ್ಜುವುದು, ಚಂದಮಾಮ, ಬೆನ್ನು ತಟ್ಟುವುದು, ನಿದ್ದೆ. ಮಗುವಿಗೆ ಬೇಕಾದದ್ದು ಹಾಲಿಗಿಂತ ಜಾಸ್ತಿ ನಿದ್ದೆಯ ದಾರಿ. ಆ ಪುಸ್ತಕವನ್ನು ಅಪ್ಪ ಓದಲಿ. ಅಮ್ಮನ ಮಡಿಲಲ್ಲಿ ಕೂತು ಓದಿಸಿಕೊಂಡರೆ ಹಾಲು ನೆನಪಾಗದೆ ಇರುತ್ತದಾ? ಬೇವು ಹಚ್ಚಿದ ದಿನ ಮಾತ್ರ ಪುಸ್ತಕ ತೆಗೆಯಬೇಡಿ.

ಡೈಪರ್ ವಿಷಯ ಬೇರೆ. ಮಗು ಒಂದೂವರೆಯಿಂದ ಮೂರರ ನಡುವೆ ಯಾವಾಗಲೋ ತಯಾರಾಗುತ್ತದೆ. ಎರಡು ಗಂಟೆ ಒಣಗಿರುವುದು, ಚಡ್ಡಿ ತಾನೇ ಎಳೆಯುವುದು, ಮೂಲೆಗೆ ಹೋಗಿ ನಿಲ್ಲುವುದು, ಇವು ಗುರುತು. ಗುರುತು ಕಾಣುವ ಮೊದಲು ಯಾವ ಪುಸ್ತಕವೂ ನಡೆಯುವುದಿಲ್ಲ. ಕಂಡಮೇಲೆ ಅಚ್ಚಾದ ತಮಾಷೆಯ ಪುಸ್ತಕ ಚೆನ್ನ. ಯಾಕೆಂದರೆ ಇದು ಎಲ್ಲರೂ ಮಾಡುವ ಕೆಲಸ ಅನ್ನುವುದು ಮಗುವಿಗೆ ಗೊತ್ತಾಗಬೇಕು. ಹಸು ಹಾಕುತ್ತದೆ, ನಾಯಿ ಹಾಕುತ್ತದೆ, ಅಣ್ಣನೂ ಹೋಗುತ್ತಾನೆ. ಪ್ರಾಣಿ ಕಥೆಗೆ ನಾನು ಒಪ್ಪುವುದು ಇಲ್ಲೊಂದೇ ಕಡೆ. ಇದರ ಜೊತೆಗೆ ಮನೆಯ ಬಚ್ಚಲಿನ ಎರಡು-ಮೂರು ಫೋಟೋ ಸೇರಿಸಿ: ಚಪ್ಪಲಿ, ಬಕೆಟ್ಟು, ಮಗ್ಗು, ಕಾಲಿಡುವ ಜಾಗ. ಕೆಳಗೆ ಕೂರುವ ಕಕ್ಕಸಿನ ಗುಂಡಿ ಕಂಡು ಎಷ್ಟೋ ಮಕ್ಕಳು ಹೆದರುತ್ತಾರೆ. ಅದನ್ನು ಪುಟದ ಮೇಲೆ ನೋಡಿ ಅಭ್ಯಾಸವಾದರೆ ಹೆದರಿಕೆ ಸ್ವಲ್ಪ ಇಳಿಯುತ್ತದೆ. ಮಗುವಿನ ಬೆತ್ತಲೆ ಫೋಟೋ ಬೇಡವೇ ಬೇಡ. ರಾತ್ರಿಯ ಒದ್ದೆ ಹಗಲಿನದಕ್ಕಿಂತ ತಡವಾಗಿ ನಿಲ್ಲುತ್ತದೆ. ಅದಕ್ಕೆ ಪುಸ್ತಕವನ್ನು ದೂರಬೇಡಿ.

ಬೆರಳು ಚೀಪುವುದಕ್ಕೆ ಪುಸ್ತಕದಿಂದ ಹೆಚ್ಚೇನೂ ಆಗುವುದಿಲ್ಲ. ಬೆರಳನ್ನು ಎತ್ತಿಡಲು ಆಗಲ್ಲ, ಅಲ್ವಾ?

ಹೊದಿಕೆ, ಗೊಂಬೆ, ಅಮ್ಮನ ಸೆರಗಿನ ತುಂಡು ಹಿಡಿದುಕೊಂಡೇ ಮಲಗುವ ಮಕ್ಕಳಿರುತ್ತಾರೆ. ಇದು ಮಗು ತನ್ನ ಧೈರ್ಯಕ್ಕೆ ಇಟ್ಟುಕೊಂಡ ವಸ್ತು ಎಂದು ಡೊನಾಲ್ಡ್ ವಿನಿಕಾಟ್ ಎಂಬ ಇಂಗ್ಲೆಂಡಿನ ಮಕ್ಕಳ ವೈದ್ಯ 1951ರಷ್ಟು ಹಿಂದೆಯೇ ಹೇಳಿದ್ದರು. ಒಗೆದು ಕೊಡಿ, ಸಾಕು.

ಯಾವಾಗ ಓದುವುದು, ಯಾವಾಗ ಬೇಡ

ಬಿಡಿಸುವ ದಿನ ಪುಸ್ತಕ ತಂದರೆ ತಡವಾಯಿತು. ಒಂದೆರಡು ವಾರ ಮೊದಲೇ ಶುರು ಮಾಡಿ. ಅದೂ ಹಗಲು ಹೊತ್ತು, ಮಗು ಹೊಟ್ಟೆ ತುಂಬಿ ಖುಷಿಯಾಗಿರುವಾಗ. ಬಾಟ್ಲಿ ಕಿತ್ತುಕೊಂಡು ಕೈಗೆ ಪುಸ್ತಕ ಕೊಟ್ಟರೆ ಮಗುವಿಗೆ ಪುಸ್ತಕದ ಮೇಲೇ ಸಿಟ್ಟು ಬರುತ್ತದೆ. ಒಂದು ಹೊತ್ತಿಗೆ ಒಂದೇ ವಿಷಯ. ಬಾಟ್ಲಿ, ಜೋಲಿ, ಡೈಪರ್ ಮೂರನ್ನೂ ಒಂದೇ ತಿಂಗಳಲ್ಲಿ ಮುಗಿಸಲು ಹೋಗಬೇಡಿ.

ಇನ್ನೊಂದು ಮಗು ಬರುವುದಿದ್ದರೆ ಲೆಕ್ಕ ಬೇರೆ. ನಮ್ಮಲ್ಲಿ ಹೆರಿಗೆಗೆ ಅಮ್ಮ ತವರಿಗೆ ಹೋಗುತ್ತಾಳೆ. ದೊಡ್ಡ ಮಗುವೂ ಜೊತೆಗೆ ಹೋಗಿ ಬಾಣಂತನ ಮುಗಿಯುವವರೆಗೆ ಬೇರೆ ಮನೆಯಲ್ಲಿರುತ್ತದೆ. ಇಲ್ಲವೇ ಅಪ್ಪನ ಹತ್ತಿರ ಉಳಿಯುತ್ತದೆ. ಎರಡೂ ಅದಕ್ಕೆ ದೊಡ್ಡ ಬದಲಾವಣೆಯೇ. ಆ ಸಮಯದಲ್ಲಿ ಹೊಸದಾಗಿ ಏನನ್ನೂ ಬಿಡಿಸಬೇಡಿ. ಬಿಡಿಸುವುದಾದರೆ ಹೆರಿಗೆಗೆ ಎರಡು-ಮೂರು ತಿಂಗಳು ಮೊದಲೇ, ಇಲ್ಲವೇ ವಾಪಸ್ ಬಂದು ಮನೆ ಒಂದು ಹದಕ್ಕೆ ಬಂದಮೇಲೆ. ಬಿಟ್ಟಿದ್ದ ಬಾಟ್ಲಿಯನ್ನು ಪಾಪು ಬಂದಮೇಲೆ ಮತ್ತೆ ಕೇಳಿದರೆ ಬೈಯಬೇಡಿ. ಇದು ಎಲ್ಲ ಮನೆಯಲ್ಲೂ ಆಗುವುದೇ. ಆಗ ಮನೆಯಲ್ಲಿ ಮಾಡಿದ ಹಳೇ ಪುಸ್ತಕ ತೆಗೆದು, ಪಾಪುವಿಗೆ ಓದಿ ಹೇಳುವ ಕೆಲಸವನ್ನು ದೊಡ್ಡ ಮಗುವಿಗೇ ಕೊಡಿ. ಸಾಲು ತಪ್ಪಿದರೆ ತಿದ್ದಲು ಹೋಗಬೇಡಿ.